‘ಸುಳ್ಳು ಕೇಸು’ ಎಂಬ ಹೊಸ ಬೀಗ

ಕೆಲವು ದಿನಗಳ ಹಿಂದೆ ರಾಣೆಬೆನ್ನೂರಿನಿಂದ ಬ್ಯಾಡಗಿಗೆ ಬಸ್ಸಿನಲ್ಲಿ ಹೊರಟಿದ್ದೆ. ಬಸ್ಸಿನ ತುಂಬ ಹೆಂಗಸರು. ಮೆಣಸಿನಕಾಯಿ ತೊಟ್ಟು ಬಿಡಿಸುವ ಕೂಲಿಗೆ ಹೊರಟವರು, ತವರಿಗೆ ಹೊರಟವರು, ಕೂಸಿಗೆ ಔಷಧ ಕೊಡಿಸಲು ಹೊರಟವರು. ಎಲ್ಲರ ಕೈಯಲ್ಲೂ ಶಕ್ತಿ ಯೋಜನೆಯ ಸೊನ್ನೆ ರೂಪಾಯಿಯ ಟಿಕೆಟ್. ಸೀಟು ಸಿಗದೆ ನಿಂತಿದ್ದ ಐವತ್ತರ ಆಸುಪಾಸಿನ ಒಬ್ಬ ಯಜಮಾನರು ಎಲ್ಲರಿಗೂ ಕೇಳುವಂತೆ ಹೇಳಿದರು: “ಈಗ ಎಲ್ಲಾ ಹೆಣ್ಮಕ್ಕಳ ರಾಜ್ಯ ಆಗೇತ್ರಿ. ಬಸ್ಸೂ ಅವರದ, ತಿಂಗಳಾ ಎರಡು ಸಾವಿರ ರೂಪಾಯಿನೂ ಅವರದ, ಕಾನೂನೂ ಅವರದ. ಮನ್ಯಾಗ ಒಂದು ಮಾತು ಜೋರಾಗಿ ಅಂದ್ರ ಸಾಕು, ಸುಳ್ಳು ಕೇಸ್ ಹಾಕಿ ಒಳಗ ಕಳಸ್ತಾರ.” ಗಂಡಸರು ನಕ್ಕರು. ಹೆಂಗಸರೂ ನಕ್ಕರು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಕಾಲೇಜಿನಲ್ಲಿ ಪಾಠ ಹೇಳಿದ ನಾನೂ ಸುಮ್ಮನೆ ನಕ್ಕು ಕಿಟಕಿಯ ಆಚೆ ನೋಡಿದೆ.

ನಾನು ಹೊರಟಿದ್ದು ಬ್ಯಾಡಗಿ ತಾಲೂಕಿನ ಒಂದು ಊರಿನ ಸ್ವಸಹಾಯ ಸಂಘದ ಸಭೆಗೆ. ಅಲ್ಲಿಯ ಸದಸ್ಯೆಯೊಬ್ಬರ ಮಗಳು ಗಂಡನ ಮನೆಯಿಂದ ಬಂದು ಹದಿನೈದು ದಿನವಾಗಿತ್ತು. ಮದುವೆಯಲ್ಲಿ ಮೂರು ತೊಲ ಬಂಗಾರ, ಒಂದು ಬೈಕು ಕೊಟ್ಟಿದ್ದರು. ಈಗ ಅಳಿಯನಿಗೆ ಬೀಜ–ಗೊಬ್ಬರದ ಅಂಗಡಿ ಹಾಕಲು ಐದು ಲಕ್ಷ ಬೇಕಂತೆ. ಹುಡುಗಿಯ ಬಲಗಿವಿ ಸರಿಯಾಗಿ ಕೇಳುತ್ತಿರಲಿಲ್ಲ. ಏಟು ಎಲ್ಲಿ ಬಿದ್ದಿದೆ ಎಂದು ಯಾರೂ ಕೇಳುವ ಅಗತ್ಯವಿರಲಿಲ್ಲ. ದೂರು ಕೊಡುವ ಮಾತು ಬಂದಾಗ ತಾಯಿ ಕೈಮುಗಿದಳು. “ಬ್ಯಾಡ್ರಿ ಅಕ್ಕೋರ. ಈಗ ಹೆಣ್ಮಕ್ಕಳು ಕೊಡೋ ಕೇಸೆಲ್ಲಾ ಸುಳ್ಳ ಅಂತ ಮೊಬೈಲ್‌ನ್ಯಾಗ ದಿನಾ ಬರಾಕತ್ತೇತಿ. ನಾವೂ ಸುಳ್ಳರಾಗ್ತೀವಿ.” ಸಂಘದ ಪುಸ್ತಕ ಬರೆಯುವ ಹೆಣ್ಣುಮಗಳು ಇನ್ನೊಂದು ಮಾತು ಸೇರಿಸಿದಳು: “ಸಾಕ್ಷಿಗೆ ನಮ್ಮ ಹೆಸರು ಬರಕೋಬ್ಯಾಡ್ರಿ. ನಮ್ಮ ಮನ್ಯಾಗೂ ಗಂಡಮಕ್ಕಳು ಅದಾರ.”

ನನಗೆ ಬಸ್ಸಿನ ಮಾತು ನೆನಪಾಯಿತು. ಆ ಮಾತನ್ನು ನಾವು ತಮಾಷೆ ಎಂದು ತಿಳಿದು ನಕ್ಕಿದ್ದೆವು. ಅದೇ ಮಾತು ಇಲ್ಲಿ, ಕಿವಿ ಕೇಳಿಸದ ಹುಡುಗಿಯ ಬಾಯಿಗೆ ಬೀಗವಾಗಿ ಕುಳಿತಿತ್ತು. ಆಕೆಯ ಗಂಡನ ಮನೆಯವರು ಬಂದು ಬೆದರಿಸುವ ಕಷ್ಟವನ್ನೂ ತೆಗೆದುಕೊಳ್ಳಬೇಕಾಗಿರಲಿಲ್ಲ. ಈ ಬೀಗದ ಬಗ್ಗೆ ನಿಮ್ಮೊಡನೆ ನಾಲ್ಕು ಮಾತು ಆಡಬೇಕೆಂದೇ ಇದನ್ನು ಬರೆಯುತ್ತಿದ್ದೇನೆ.

ಈ ಕಾನೂನು ಸುಮ್ಮನೆ ಬರಲಿಲ್ಲ

ವರದಕ್ಷಿಣೆ ನಿಷೇಧ ಕಾಯಿದೆ ಬಂದದ್ದು 1961ರಲ್ಲಿ. ಅದು ಎಷ್ಟು ವಿರೋಧ ಎದುರಿಸಿತೆಂದರೆ, ಲೋಕಸಭೆ ಮತ್ತು ರಾಜ್ಯಸಭೆ ಒಮ್ಮತಕ್ಕೆ ಬರಲಾಗದೆ ಆ ವರ್ಷದ ಮೇ ತಿಂಗಳಲ್ಲಿ ಎರಡೂ ಸದನಗಳ ಜಂಟಿ ಅಧಿವೇಶನ ಕರೆಯಬೇಕಾಯಿತು. ಸ್ವತಂತ್ರ ಭಾರತದ ಮೊದಲ ಜಂಟಿ ಅಧಿವೇಶನ ನಡೆದದ್ದು ವರದಕ್ಷಿಣೆಯ ವಿಷಯಕ್ಕೆ! ಹಾಗೆ ಹುಟ್ಟಿದ ಕಾಯಿದೆ ಇಪ್ಪತ್ತು ವರ್ಷ ಪುಸ್ತಕದಲ್ಲೇ ಉಳಿಯಿತು. ಅಷ್ಟರಲ್ಲಿ ಮನೆಮನೆಗಳಲ್ಲಿ ಸೀಮೆಎಣ್ಣೆ ಸ್ಟವ್‌ಗಳು ಸಿಡಿಯತೊಡಗಿದವು. ವಿಚಿತ್ರವೆಂದರೆ ಅವು ಸೊಸೆಯರ ಮುಂದೆ ಮಾತ್ರ ಸಿಡಿಯುತ್ತಿದ್ದವು. ಅತ್ತೆಯರ ಮುಂದೆ, ಮಗಳಂದಿರ ಮುಂದೆ ಸಿಡಿಯುತ್ತಿರಲಿಲ್ಲ.

1979ರಲ್ಲಿ ದೆಹಲಿಯಲ್ಲಿ ಸತ್ಯರಾಣಿ ಚಡ್ಡಾ ಎಂಬ ತಾಯಿ ಸುಟ್ಟು ಸತ್ತ ಮಗಳಿಗೆ ನ್ಯಾಯ ಕೇಳುತ್ತ ಬೀದಿಗಿಳಿದರು. ಮುಂದೆ ಮೂರು ದಶಕ ಅವರು ಕೋರ್ಟಿನ ಮೆಟ್ಟಿಲು ಹತ್ತಿ ಇಳಿದರು. ಅದೇ 1979ರಲ್ಲಿ ಬೆಂಗಳೂರಿನಲ್ಲಿ ವಿಮೋಚನಾ ಸಂಘಟನೆ ಹುಟ್ಟಿತು. ಇಂಥ ನೂರಾರು ಹೆಂಗಸರ ಜಾಥಾ, ಧರಣಿ, ಬೀದಿ ನಾಟಕಗಳ ಫಲವಾಗಿ 1983ರಲ್ಲಿ ಭಾರತೀಯ ದಂಡ ಸಂಹಿತೆಗೆ 498ಎ ಕಲಂ ಸೇರಿತು. ಗಂಡ ಅಥವಾ ಅವನ ಸಂಬಂಧಿಕರು ಹೆಂಡತಿಗೆ ಕೊಡುವ ಹಿಂಸೆ ‘ಮನೆಯ ವಿಷಯ’ವಲ್ಲ, ಅಪರಾಧ ಎಂದು ಈ ದೇಶದ ಕಾನೂನು ಮೊದಲ ಸಲ ಹೇಳಿತು. 1986ರಲ್ಲಿ ವರದಕ್ಷಿಣೆ ಸಾವಿನ 304ಬಿ ಕಲಂ ಬಂತು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದ ಮೇಲೆ ಇವೇ ಕಲಮುಗಳು 85, 86 ಮತ್ತು 80 ಎಂಬ ಅಂಕಿ ಹೊತ್ತಿವೆ. ಅಂಕಿ ಬದಲಾಗಿದೆ, ಅಪರಾಧ ಬದಲಾಗಿಲ್ಲ.

ನನ್ನದೊಂದು ತಪ್ಪನ್ನು ಇಲ್ಲಿ ಒಪ್ಪಿಕೊಳ್ಳಬೇಕು. 1991ರ ಮಾತು. ನನ್ನ ತರಗತಿಯ ಬಿ.ಎ. ಎರಡನೆಯ ವರ್ಷದ ಹುಡುಗಿಯೊಬ್ಬಳಿಗೆ ವರ್ಷದ ನಡುವೆಯೇ ಮದುವೆಯಾಯಿತು. ಪರೀಕ್ಷೆ ಬರೆಯುತ್ತೇನೆಂದು ಹಟ ಹಿಡಿದು ಆಗಾಗ ಬರುತ್ತಿದ್ದಳು. ಒಂದು ದಿನ ಅವಳ ಮುಂಗೈಯಲ್ಲಿ ಸುಟ್ಟ ಗಾಯ. ಕೇಳಿದೆ. “ಚಹಾ ಚೆಲ್ತ್ರಿ ಅಕ್ಕೋರ” ಎಂದಳು. ಆದರೆ ಹೊರಡಲಿಲ್ಲ, ಅಲ್ಲೇ ನಿಂತಿದ್ದಳು. ಹೇಳಲು ಬಂದಿದ್ದಾಳೆಂದು ನನಗೆ ಗೊತ್ತಾಯಿತು. ಗಂಟೆ ಬಾರಿಸಿತ್ತು, ನನಗೆ ಪಾಠವಿತ್ತು. “ಹೊಸದಾಗಿ ಹಂಗ ಇರತೈತಿ, ಸ್ವಲ್ಪ ಹೊಂದಿಕೊಂಡು ಹೋಗವ್ವಾ” ಎಂದು ಬೆನ್ನು ತಟ್ಟಿ ಕಳಿಸಿದೆ. ನಾಲ್ಕು ತಿಂಗಳಿಗೆ ‘ಸ್ಟವ್ ಸಿಡಿದು’ ಅವಳು ತೀರಿಹೋದಳು. ತವರಿನವರು ದೂರು ಕೊಡಲಿಲ್ಲ. ಇನ್ನಿಬ್ಬರು ಹೆಣ್ಣುಮಕ್ಕಳ ಮದುವೆ ಆಗಬೇಕಿತ್ತು. ಆಗ ಹಾವೇರಿ ಜಿಲ್ಲೆ ಆಗಿರಲಿಲ್ಲ, ಅದಾದದ್ದು 1997ರಲ್ಲಿ. ಜಿಲ್ಲೆಯ ಅಧಿಕಾರಿಗಳನ್ನು ಕಾಣಲು ಧಾರವಾಡಕ್ಕೆ ಹೋಗಬೇಕಿತ್ತು. ದೂರವೆಂದು ನಾನು ನೆಪ ಹೇಳಿಕೊಂಡೆ. ನಿಜವೆಂದರೆ ನನಗೂ ಹೆದರಿಕೆಯಾಗಿತ್ತು.

ಆ ಹುಡುಗಿ ಸರ್ಕಾರದ ಯಾವ ಲೆಕ್ಕದಲ್ಲೂ ವರದಕ್ಷಿಣೆ ಸಾವಾಗಿ ಬರೆಯಲ್ಪಟ್ಟಿಲ್ಲ. ಅವಳದು ‘ಆಕಸ್ಮಿಕ’. ಇಂದು ಯಾರಾದರೂ ಸುಳ್ಳು ಕೇಸುಗಳ ಲೆಕ್ಕ ಹೇಳಲು ಹೊರಟಾಗ ನನಗೆ ಅವಳು ಕಾಣುತ್ತಾಳೆ. ಠಾಣೆಗೆ ಬಂದ ದೂರುಗಳಲ್ಲಿ ಎಷ್ಟು ಸುಳ್ಳು ಎಂದು ಎಣಿಸುವವರಿದ್ದಾರೆ. ಠಾಣೆಗೆ ಬಾರದೇ ಹೋದ ನಿಜಗಳನ್ನು ಎಣಿಸುವವರು ಯಾರು?

ದುರುಪಯೋಗದ ಕೂಗು

ಈ ಕೂಗು ಹೇಗೆ ಬೆಳೆಯಿತು ಎಂಬುದನ್ನು ನಾವು ತಿಳಿದಿರಬೇಕು. 2005ರಲ್ಲಿ ಸುಪ್ರೀಂ ಕೋರ್ಟು 498ಎ ಕಲಂ ಸಂವಿಧಾನಬದ್ಧ ಎಂದು ಎತ್ತಿಹಿಡಿಯಿತು. ಆದರೆ ಅದೇ ತೀರ್ಪಿನಲ್ಲಿ, ದುರುಪಯೋಗವಾದರೆ ಅದು ‘ಕಾನೂನು ಭಯೋತ್ಪಾದನೆ’ಯಾದೀತು ಎಂಬ ಮಾತೂ ಬಂತು. ಕಲಮನ್ನು ಎತ್ತಿಹಿಡಿದದ್ದು ಎಲ್ಲರಿಗೂ ಮರೆತುಹೋಯಿತು, ಈ ಒಂದು ಮಾತು ಮಾತ್ರ ಉಳಿಯಿತು. 2014ರ ಜುಲೈನಲ್ಲಿ ಅರ್ನೇಶ್ ಕುಮಾರ್ ಪ್ರಕರಣದಲ್ಲಿ, ದೂರು ಬಂದ ಕೂಡಲೇ ಪೊಲೀಸರು ಬಂಧಿಸಬಾರದು, ಬಂಧನ ಏಕೆ ಬೇಕೆಂದು ಕಾರಣ ಬರೆಯಬೇಕು ಎಂದು ಕೋರ್ಟು ಆದೇಶಿಸಿತು. 2017ರಲ್ಲಿ ಇನ್ನೊಂದು ತೀರ್ಪು, ಹೆಂಡತಿಯ ದೂರನ್ನು ಮೊದಲು ಜಿಲ್ಲೆಯ ಕುಟುಂಬ ಕಲ್ಯಾಣ ಸಮಿತಿಗೆ ಕಳಿಸಬೇಕೆಂದಿತು. 2018ರ ಸೆಪ್ಟೆಂಬರಿನಲ್ಲಿ ಮೂವರು ನ್ಯಾಯಾಧೀಶರ ಪೀಠ ಆ ಸಮಿತಿಯನ್ನು ತೆಗೆದುಹಾಕಿತು. ಮತ್ತೆ 2025ರ ಜುಲೈನಲ್ಲಿ, ಅಲಹಾಬಾದ್ ಹೈಕೋರ್ಟು 2022ರಲ್ಲಿ ಮಾಡಿದ್ದ ಅಂಥದೇ ಸಮಿತಿ ಮತ್ತು ಎರಡು ತಿಂಗಳು ಕಾಯುವ ವ್ಯವಸ್ಥೆಗೆ ಸುಪ್ರೀಂ ಕೋರ್ಟಿನ ಒಪ್ಪಿಗೆ ಸಿಕ್ಕಿತು. ಏಟು ತಿಂದವಳು ಎರಡು ತಿಂಗಳು ಎಲ್ಲಿ ಕಾಯಬೇಕು, ಯಾರ ಮನೆಯಲ್ಲಿ ಕಾಯಬೇಕು?

2024ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಉದ್ಯೋಗಿಯೊಬ್ಬರು ಹೆಂಡತಿಯ ಕಡೆಯ ಕೇಸುಗಳಿಂದ ನೊಂದೆನೆಂದು ಹೇಳಿ ಆತ್ಮಹತ್ಯೆ ಮಾಡಿಕೊಂಡರು. ಆ ಸಾವು ಯಾರಿಗೂ ಸಂತೋಷ ತರುವಂಥದ್ದಲ್ಲ. ಮಗನನ್ನು ಕಳೆದುಕೊಂಡ ತಾಯಿಯೂ ಹೆಣ್ಣೇ. ಆದರೆ ಆ ಒಂದು ಸಾವನ್ನು ಹಿಡಿದು ಈ ಕಾನೂನನ್ನೇ ತೆಗೆಯಿರಿ ಎಂಬ ಕೂಗು ದೇಶದ ತುಂಬ ಎದ್ದಿತು. ಮರುದಿನವೇ ಇನ್ನೊಂದು ಪ್ರಕರಣದಲ್ಲಿ, ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಪೀಠ ದುರುಪಯೋಗದ ಬಗ್ಗೆ ಎಚ್ಚರಿಸಿತು. ಜೊತೆಗೆ, ನಿಜವಾಗಿ ಹಿಂಸೆ ಅನುಭವಿಸಿದ ಹೆಣ್ಣು ಬಾಯಿ ಮುಚ್ಚಿಕೊಂಡಿರಬೇಕೆಂದು ನಾವು ಹೇಳುತ್ತಿಲ್ಲ ಎಂದೂ ಅದೇ ತೀರ್ಪು ಸ್ಪಷ್ಟಪಡಿಸಿತು. ನಿಮ್ಮ ಮೊಬೈಲಿಗೆ ಬಂದದ್ದು ಇವುಗಳಲ್ಲಿ ಯಾವ ಅರ್ಧ? ಯೋಚಿಸಿ ನೋಡಿ.

ಇನ್ನು ನಿಜವಾದ ಪ್ರಶ್ನೆಗೆ ಬರೋಣ. ಸುಳ್ಳು ದೂರುಗಳೇ ಇಲ್ಲವೇ? ಇವೆ. ಸಿಟ್ಟಿನಲ್ಲಿ, ಯಾರದೋ ಸಲಹೆ ಕೇಳಿ, ದೂರದ ಊರಿನಲ್ಲಿರುವ ನಾದಿನಿ, ಹಾಸಿಗೆ ಹಿಡಿದ ಮಾವ ಎಲ್ಲರ ಹೆಸರನ್ನೂ ದೂರಿನಲ್ಲಿ ತುಂಬಿದ್ದನ್ನು ನಾನೇ ಕಂಡಿದ್ದೇನೆ. ಅದು ತಪ್ಪು, ಅದರಿಂದ ಮೊದಲು ಕೆಡುವುದು ದೂರು ಕೊಟ್ಟವಳ ಕೇಸೇ. ಆದರೆ ಸುಳ್ಳು ದೂರು ಕೊಡುವವರು ಹೆಂಡತಿಯರು ಮಾತ್ರವೇ? ಹೊಲದ ಬದುವಿಗಾಗಿ ಅಣ್ಣ ತಮ್ಮನ ಮೇಲೆ ಕೊಡುವ ದೂರುಗಳೆಲ್ಲ ನಿಜವೇ? ಕಳ್ಳತನದ ಸುಳ್ಳು ದೂರು ಬಂತೆಂದು ಕಳ್ಳತನದ ಕಾನೂನನ್ನೇ ತೆಗೆಯಿರಿ ಎಂದು ಯಾರಾದರೂ ಮೆರವಣಿಗೆ ಹೊರಟದ್ದುಂಟೇ? ಸುಳ್ಳು ದೂರು ಕೊಟ್ಟವರಿಗೆ ಶಿಕ್ಷೆ ಕೊಡುವ ಕಲಮುಗಳು 1860ರ ದಂಡ ಸಂಹಿತೆಯಲ್ಲೇ ಇದ್ದವು, ಹೊಸ ಸಂಹಿತೆಯಲ್ಲೂ ಇವೆ.

‘ಶಿಕ್ಷೆಯಾಗುವ ಕೇಸು ಕಡಿಮೆ, ಆದ್ದರಿಂದ ಉಳಿದವೆಲ್ಲ ಸುಳ್ಳು’ ಎಂಬುದು ಇನ್ನೊಂದು ವಾದ. ಕೇಸು ಹೇಗೆ ಬಿದ್ದುಹೋಗುತ್ತದೆಂದು ನಮಗೆ ಗೊತ್ತಿಲ್ಲವೇ? ಐದಾರು ವರ್ಷ ವಾಯಿದೆ ಮೇಲೆ ವಾಯಿದೆ. ನೆರೆಮನೆಯವರು ಸಾಕ್ಷಿ ಹೇಳಲು ಬರುವುದಿಲ್ಲ. ಹಿರಿಯರು ಕೂಡಿಸಿ ರಾಜಿ ಮಾಡಿಸುತ್ತಾರೆ. ಬಂಗಾರ ತಿರುಗಿ ಕೊಡುತ್ತೇವೆ, ಕೇಸು ಬಿಡು ಎನ್ನುತ್ತಾರೆ. ದಣಿದ ಹೆಣ್ಣು ಕೋರ್ಟಿನಲ್ಲಿ ‘ನನ್ನ ದೂರು ಏನೂ ಇಲ್ಲ’ ಎನ್ನುತ್ತಾಳೆ. ಆರೋಪಿ ಬಿಡುಗಡೆಯಾಗುತ್ತಾನೆ. ಅವಳ ದೂರು ಸುಳ್ಳಿನ ಲೆಕ್ಕಕ್ಕೆ ಸೇರುತ್ತದೆ.

ಈಗ ಇನ್ನೊಂದು ಕಡೆಯ ಲೆಕ್ಕ ಕೇಳಿ. ರಾಷ್ಟ್ರೀಯ ಅಪರಾಧ ದಾಖಲೆ ವಿಭಾಗದ ಪ್ರಕಾರ 2022ರ ಒಂದೇ ವರ್ಷದಲ್ಲಿ ದೇಶದಲ್ಲಿ 6,400ಕ್ಕೂ ಹೆಚ್ಚು ವರದಕ್ಷಿಣೆ ಸಾವಿನ ಪ್ರಕರಣಗಳು ದಾಖಲಾದವು. ದಿನಕ್ಕೆ ಹದಿನೇಳಕ್ಕೂ ಮಿಕ್ಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 18ರಿಂದ 49 ವಯಸ್ಸಿನ ವಿವಾಹಿತೆಯರಲ್ಲಿ ಶೇಕಡಾ 44.4ರಷ್ಟು ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದರು. ಅದರ ಹಿಂದಿನ ಸಮೀಕ್ಷೆಯಲ್ಲಿ ಇದು ಶೇಕಡಾ 20.6 ಇತ್ತು. ದೇಶದಲ್ಲಿ ಹಿಂಸೆ ಅನುಭವಿಸಿದವರಲ್ಲಿ ಯಾರ ಬಳಿಯಾದರೂ ಸಹಾಯ ಕೇಳಿದವರು ಶೇಕಡಾ 14 ಮಾತ್ರ. ಆ ಸಹಾಯವನ್ನೂ ಬಹಳ ಮಂದಿ ಕೇಳಿದ್ದು ತಾಯಿ, ಅಕ್ಕ–ತಂಗಿಯರ ಬಳಿ. ಪೊಲೀಸರ ಬಳಿ ಹೋದವರು ಬೆರಳೆಣಿಕೆ. ಹೀಗಿರುವಾಗ ‘ಹೆಂಗಸರು ಮಾತು ಮಾತಿಗೆ ಕೇಸು ಹಾಕುತ್ತಾರೆ’ ಎಂಬುದು ಎಂಥ ಮಾತು!

ಪ್ರತಿ ಹೆಜ್ಜೆಗೂ ಒಂದು ಏಟು

ಗೆಳತಿಯರೇ, ಇದು ಹೊಸದೇನಲ್ಲ. ಹೆಣ್ಣು ಒಂದು ಹೆಜ್ಜೆ ಮುಂದಿಟ್ಟಾಗಲೆಲ್ಲ ಸಮಾಜ ಹಿಂದಕ್ಕೆ ಎಳೆಯಲು ಒಂದು ಮಾತು ಹುಟ್ಟಿಸಿದೆ. ಹೆಣ್ಣುಮಕ್ಕಳಿಗೆ ಆಸ್ತಿ, ವಿಚ್ಛೇದನದ ಹಕ್ಕು ಕೊಡುವ ಹಿಂದೂ ಸಂಹಿತೆ ಮಸೂದೆ ತಂದಾಗ ‘ಸಂಸಾರ ಮುರಿಯುತ್ತದೆ’ ಎಂದರು. ಆ ಮಸೂದೆ ನಿಂತುಹೋದದ್ದಕ್ಕೆ ನೊಂದು ಡಾ. ಅಂಬೇಡ್ಕರ್ 1951ರಲ್ಲಿ ಮಂತ್ರಿ ಪದವಿಗೆ ರಾಜೀನಾಮೆ ಕೊಟ್ಟರು. 1955–56ರಲ್ಲಿ ಅದು ತುಂಡು ತುಂಡಾಗಿ ಬಂತು. ಸಂಸಾರಗಳೇನೂ ಮುರಿಯಲಿಲ್ಲ.

ನಮ್ಮ ರಾಜ್ಯದಲ್ಲಿ 1987ರ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿ ಚುನಾವಣೆಯಲ್ಲಿ ಹೆಂಗಸರಿಗೆ ಕಾಲು ಭಾಗ ಮೀಸಲಾತಿ ಬಂದಾಗ ‘ಇವರಿಗೇನು ತಿಳಿಯುತ್ತದೆ, ರಬ್ಬರ್ ಸ್ಟಾಂಪು’ ಎಂದು ನಕ್ಕರು. ನಕ್ಕವರೇ ಹೆಂಡತಿಯ ಕುರ್ಚಿಯಲ್ಲಿ ಕುಳಿತು ಅಧಿಕಾರ ಮಾಡಿದರು. 1994ರಲ್ಲಿ, ಇಡೀ ದೇಶಕ್ಕಿಂತ ಹನ್ನೊಂದು ವರ್ಷ ಮೊದಲೇ, ಕರ್ನಾಟಕದಲ್ಲಿ ಹೆಣ್ಣುಮಗಳಿಗೆ ಹುಟ್ಟಿನಿಂದಲೇ ಪಿತ್ರಾರ್ಜಿತ ಆಸ್ತಿಯಲ್ಲಿ ಪಾಲು ಎಂಬ ತಿದ್ದುಪಡಿ ಜಾರಿಗೆ ಬಂತು. ಆಗ ಏನಾಯಿತು? ಅಣ್ಣತಮ್ಮಂದಿರು ಅಕ್ಕತಂಗಿಯರನ್ನು ಸೀರೆ ಕುಪ್ಪಸದ ಜೊತೆ ಉಪನೋಂದಣಿ ಕಚೇರಿಗೆ ಕರೆದೊಯ್ದು ಹಕ್ಕು ಬಿಡುಗಡೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡರು. ‘ಪಾಲು ಬೇಕೋ, ತವರು ಬೇಕೋ’ ಎಂದು ಕೇಳಿದರು. ಪಾಲು ಕೇಳಿದವಳಿಗೆ ‘ದುರಾಸೆಯವಳು’ ಎಂಬ ಹೆಸರು ಬಂತು. 1996ರಲ್ಲಿ ದೇವೇಗೌಡರು ಪ್ರಧಾನಿಯಾಗಿದ್ದಾಗ ಮೊದಲು ಮಂಡನೆಯಾದ ಮಹಿಳಾ ಮೀಸಲಾತಿ ಮಸೂದೆ ಸಂಸತ್ತಿನಲ್ಲಿ ಅಂಗೀಕಾರವಾಗಲು 2023ರವರೆಗೆ ಕಾಯಬೇಕಾಯಿತು. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂತು. ‘ಹೆಂಗಸರು ಮನೆ ಬಿಟ್ಟು ಊರೂರು ತಿರುಗುತ್ತಾರೆ’ ಎಂಬ ಹಾಸ್ಯವೂ ಅದರ ಬೆನ್ನಿಗೇ ಬಂತು. ಅಷ್ಟು ವರ್ಷ ಗಂಡಸರ ಕಿಸೆಯಿಂದ ಬಸ್ಸಿನ ದುಡ್ಡು ಬೇಡಿ ತವರಿಗೆ ಹೋದ ಹೆಣ್ಣಿನ ಸಂಕಟ ಯಾರಿಗೂ ಹಾಸ್ಯವಾಗಿ ಕಂಡಿರಲಿಲ್ಲ.

ಹೊರಗಿನ ಜಗತ್ತಿನಲ್ಲೂ ಇದೇ ಕಥೆ. ಹೆಂಗಸರ ಮೇಲಿನ ಹಿಂಸೆ ತಡೆಯುವ ಇಸ್ತಾಂಬುಲ್ ಒಪ್ಪಂದಕ್ಕೆ ಮೊದಲು ಅನುಮೋದನೆ ನೀಡಿದ ದೇಶವಾದ ಟರ್ಕಿ, ‘ಕುಟುಂಬ ಹಾಳಾಗುತ್ತದೆ’ ಎಂಬ ಕೂಗಿಗೆ ಮಣಿದು 2021ರಲ್ಲಿ ಅದರಿಂದ ಹೊರಬಂತು. ಅಮೆರಿಕದ ಪತ್ರಕರ್ತೆ ಸೂಸನ್ ಫಲೂಡಿ 1991ರಲ್ಲೇ ಈ ತಿರುಗೇಟಿನ ಬಗ್ಗೆ ಒಂದು ದೊಡ್ಡ ಪುಸ್ತಕ ಬರೆದರು. ಅದರ ಸಾರ ಇಷ್ಟು: ಹೆಣ್ಣು ಸಮಾನಳಾಗಿ ಮುಗಿದ ಮೇಲೆ ಈ ಏಟು ಬೀಳುವುದಿಲ್ಲ, ಸಮಾನಳಾಗಬಹುದು ಎಂಬ ಸೂಚನೆ ಕಂಡಾಗಲೇ ಬೀಳುತ್ತದೆ. ನಮ್ಮ ಬಸ್ಸಿನ ಯಜಮಾನರ ಮಾತು ನೋಡಿ. ರಾಣೆಬೆನ್ನೂರಿನ ಸುತ್ತಲಿನ ಬೀಜದ ಹೊಲಗಳಲ್ಲಿ ಬೆಳಗಿನಿಂದ ಬಗ್ಗಿ ಹೂವಿಗೆ ಹೂವು ಮುಟ್ಟಿಸಿ ಕ್ರಾಸಿಂಗ್ ಮಾಡುವವರು ಹೆಂಗಸರು. ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ಘಾಟಿಗೆ ಕೆಮ್ಮುತ್ತ, ಉರಿಯುವ ಕೈಯಲ್ಲೇ ಕೂಸಿಗೆ ಹಾಲು ಕುಡಿಸಲು ಹೆದರುವವರು ಹೆಂಗಸರು. ಹೊಲದ ಪಹಣಿಯಲ್ಲಿ ಅವರ ಹೆಸರು ಎಷ್ಟಿದೆ? ‘ಹೆಣ್ಮಕ್ಕಳ ರಾಜ್ಯ’ ಎಲ್ಲಿದೆ? ಒಂದು ಟಿಕೆಟ್ಟಿಗೆ, ಎರಡು ಸಾವಿರ ರೂಪಾಯಿಗೆ ಇಷ್ಟು ಸಂಕಟವಾದರೆ, ನಿಜವಾದ ಪಾಲು ಕೇಳಿದರೆ ಏನಾದೀತು!

ಗಂಡಸರ ಕಷ್ಟ ಸುಳ್ಳೆಂದು ನಾನು ಹೇಳುವುದಿಲ್ಲ. ಮಳೆ ಕೈಕೊಟ್ಟು, ಬೆಲೆ ಬಿದ್ದು, ಸಾಲ ಏರಿ ಕುಗ್ಗಿದ ಗಂಡಸರು ನಮ್ಮ ಮನೆಗಳಲ್ಲೇ ಇದ್ದಾರೆ. 2024ರ ಮಾರ್ಚಿನಲ್ಲಿ ಮೆಣಸಿನಕಾಯಿ ಬೆಲೆ ಕುಸಿದಾಗ ಬ್ಯಾಡಗಿ ಮಾರುಕಟ್ಟೆಯಲ್ಲಿ ಬೆಂಕಿ ಹತ್ತಿದ್ದನ್ನು ನಾವೆಲ್ಲ ಕಂಡೆವು. ಆದರೆ ಬೆಲೆ ಬೀಳಿಸಿದವಳು ಹೆಂಡತಿಯಲ್ಲ. ಆ ಸಿಟ್ಟು ಮನೆಗೆ ಬಂದು ಅವಳ ಮೈಮೇಲೆ ಇಳಿಯುವುದು ಯಾವ ನ್ಯಾಯ?

ನಮ್ಮ ಮನೆಯೊಳಗಿನ ಬೀಗ

ಹೊರಗಿನವರನ್ನು ಬೈದರೆ ಅರ್ಧ ಕೆಲಸವೂ ಆಗುವುದಿಲ್ಲ. ನಾನು ಮೇಲೆ ಹೇಳಿದ ಸಮೀಕ್ಷೆಯಲ್ಲೇ ಇನ್ನೊಂದು ಅಂಕಿ ಇದೆ. ಅಡುಗೆ ಸರಿ ಮಾಡದಿದ್ದರೆ, ಅತ್ತೆ ಮಾವನಿಗೆ ಎದುರಾಡಿದರೆ, ಹೇಳದೆ ಹೊರಗೆ ಹೋದರೆ, ಇಂಥ ಯಾವುದಾದರೊಂದು ಕಾರಣಕ್ಕೆ ಗಂಡ ಹೊಡೆಯುವುದು ಸರಿ ಎಂದು ಕರ್ನಾಟಕದ ಹೆಂಗಸರಲ್ಲೇ ಮುಕ್ಕಾಲು ಪಾಲು ಮಂದಿ ಹೇಳಿದ್ದಾರೆ! ಈ ಅಂಕಿ ಓದಿದಾಗ ನನಗೆ ನಾಚಿಕೆಯಾಯಿತು. ‘ಹೊಂದಿಕೊಂಡು ಹೋಗವ್ವಾ’ ಎಂದು 1991ರಲ್ಲಿ ಹೇಳಿದ ನಾನೂ ಆ ಮುಕ್ಕಾಲು ಪಾಲಿನಲ್ಲೇ ಇದ್ದೆ.

ನಮ್ಮ ಸಂಘಗಳ ಮಾತೂ ಹೇಳಲೇಬೇಕು. ಸರ್ಕಾರದ ಸ್ತ್ರೀಶಕ್ತಿ ಯೋಜನೆ 2000–01ರಲ್ಲಿ ಶುರುವಾದಾಗ ಸಭೆ ಎಂದರೆ ಸುಖದುಃಖದ ಮಾತೂ ಇತ್ತು. ಕುಡಿದು ಬಂದು ಹೊಡೆದವನ ಮನೆ ಮುಂದೆ ಹೋಗಿ ನಿಂತ ಸಂಘಗಳಿದ್ದವು. ಈಗ ಎಷ್ಟು ಸಭೆಗಳಲ್ಲಿ ಕಂತು, ಬಡ್ಡಿ, ಸಹಿ ಮುಗಿದ ಕೂಡಲೇ ಎದ್ದು ಹೋಗುತ್ತೇವೆ? ಅದಕ್ಕಿಂತ ಕಹಿಯಾದ ಪ್ರಶ್ನೆ ಕೇಳುತ್ತೇನೆ, ಸಿಟ್ಟಾಗಬೇಡಿ. ಸಂಘದ ಪುಸ್ತಕದಲ್ಲಿ ‘ಎಮ್ಮೆ ಖರೀದಿ’ ಎಂದು ಬರೆದ ಸಾಲ ಎಷ್ಟು ಸಲ ಅಳಿಯನ ಬೈಕಾಗಿದೆ? ಆ ಸಾಲವನ್ನು ತೀರಿಸುವವಳು ತಾಯಿ, ಅದರಿಂದ ಬೆಳೆದ ಆಸೆಗೆ ಏಟು ತಿನ್ನುವವಳು ಮಗಳು.

ಸಂಘ ಏನು ಮಾಡಬಹುದು?

ಮೊದಲನೆಯದು, ಬರೆದಿಡುವುದು. ತವರಿಗೆ ಬಂದ ಹುಡುಗಿಯ ಮೈಮೇಲೆ ಗಾಯ ಕಂಡರೆ ಸಂಘದ ನಡಾವಳಿ ಪುಸ್ತಕದಲ್ಲಿ ತಾರೀಖು ಹಾಕಿ ಬರೆಯಿರಿ, ನೋಡಿದವರು ಸಹಿ ಮಾಡಿ. ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿ ಚೀಟಿ ಇಟ್ಟುಕೊಳ್ಳಿ. ಮದುವೆಯಲ್ಲಿ ಕೊಟ್ಟ ವಸ್ತುಗಳ ಪಟ್ಟಿ ಮಾಡಿ ಎರಡೂ ಕಡೆಯವರ ಸಹಿ ಪಡೆಯಿರಿ. ಸುಳ್ಳು ಎನ್ನುವವರ ಬಾಯಿ ಮುಚ್ಚಿಸಲು ಕಾಗದಕ್ಕಿಂತ ಗಟ್ಟಿಯಾದದ್ದಿಲ್ಲ.

ಎರಡನೆಯದು, ನಿಜ ಮಾತ್ರ ಬರೆಯುವುದು. ಹೊಡೆದವನ ಹೆಸರು ಬರೆಯಿರಿ, ಹೊಡೆಯದವನ ಹೆಸರು ಯಾರು ಹೇಳಿದರೂ ಸೇರಿಸಬೇಡಿ. ದೂರನ್ನು ಓದಿಸಿ ಕೇಳದೆ ಸಹಿ ಹಾಕಬೇಡಿ.

ಮೂರನೆಯದು, ಬಾಗಿಲುಗಳನ್ನು ತಿಳಿದಿರುವುದು. ಕೇಸು ಎಂದರೆ ಜೈಲು ಒಂದೇ ಅಲ್ಲ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯಿದೆ, 2006ರ ಅಕ್ಟೋಬರಿನಿಂದ ಜಾರಿಯಲ್ಲಿರುವುದು, ಹೊಡೆಯಬಾರದೆಂಬ ಆದೇಶ, ಗಂಡನ ಮನೆಯಲ್ಲೇ ಇರುವ ಹಕ್ಕು, ಜೀವನಾಂಶ ಇವನ್ನು ಕೊಡಿಸುತ್ತದೆ. ನಮ್ಮ ರಾಜ್ಯದಲ್ಲಿ ತಾಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ, ಅಂದರೆ ಅಂಗನವಾಡಿಗಳ ಸಿಡಿಪಿಓ ಅವರೇ, ಇದರ ಸಂರಕ್ಷಣಾಧಿಕಾರಿ. ಮಹಿಳಾ ಸಹಾಯವಾಣಿ 181, ಪೊಲೀಸರಿಗೆ 112, ಕಾನೂನು ನೆರವಿಗೆ 15100. ಆದಾಯ ಎಷ್ಟೇ ಇರಲಿ, ಹೆಣ್ಣುಮಕ್ಕಳಿಗೆ ಕಾನೂನು ಸೇವಾ ಸಮಿತಿಯಿಂದ ವಕೀಲರ ನೆರವು ಉಚಿತ.

ನಾಲ್ಕನೆಯದು, ಒಟ್ಟಾಗಿ ಹೋಗುವುದು. ಮೈಕ್ರೋಫೈನಾನ್ಸ್ ವಸೂಲಿಯವರ ಕಿರುಕುಳ ತಾಳಲಾರದೆ 2025ರ ಜನವರಿಯಲ್ಲಿ ನಮ್ಮ ಜಿಲ್ಲೆಯ ಹೆಂಗಸರು ಗುಂಪಾಗಿ ಬೀದಿಗಿಳಿದರು. ಫೆಬ್ರವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತರಬೇಕಾಯಿತು. ಒಬ್ಬೊಬ್ಬರೇ ಅತ್ತಾಗ ಅದು ಅವರವರ ಮನೆಯ ಗೋಳಾಗಿತ್ತು. ಸಾಲದವನ ಎದುರು ನಿಲ್ಲಬಲ್ಲ ನಾವು ಏಟು ತಿಂದ ಹುಡುಗಿಯ ಪಕ್ಕ ನಿಲ್ಲಲಾರೆವೇ?

ಐದನೆಯದು, ವರದಕ್ಷಿಣೆಗೆ ಸಂಘದ ಸಾಲವಿಲ್ಲ ಎಂದು ಠರಾವು ಮಾಡುವುದು. ಆ ದುಡ್ಡನ್ನು ಮಗಳ ಓದಿಗೆ, ಹೊಲಿಗೆ ಯಂತ್ರಕ್ಕೆ, ಅವಳ ಹೆಸರಿನ ಗುಂಟೆ ಜಾಗಕ್ಕೆ ಕೊಡಿ. ನಮ್ಮ ಗಂಡುಮಕ್ಕಳ ಮದುವೆಯಲ್ಲಿ ಕೈ ಚಾಚುವುದನ್ನೂ ಬಿಡೋಣ. ತೆಗೆದುಕೊಳ್ಳುವ ಮನೆಯಲ್ಲಿ ಇರುವವರೂ ನಾವೇ ಅಲ್ಲವೇ?

ಆ ದಿನದ ಸಭೆಯ ಮಾತು ಮುಗಿಸುತ್ತೇನೆ. ಎರಡು ತಾಸು ಚರ್ಚೆಯಾದರೂ ಯಾರೂ ಒಪ್ಪಿರಲಿಲ್ಲ. ಮೂಲೆಯಲ್ಲಿ ಕೂತಿದ್ದ, ವರ್ಷಗಟ್ಟಲೆ ಮೆಣಸಿನಕಾಯಿ ಆರಿಸಿ ಬೆರಳು ಕಪ್ಪಾದ ಒಬ್ಬ ಅಜ್ಜಿ ಕೊನೆಗೆ ಬಾಯಿ ಬಿಟ್ಟಳು: “ಚೀಲದಾಗ ನಾಕು ಕೊಳತ ಕಾಯಿ ಇದ್ರ ಚೀಲಾನ ತಿಪ್ಪಿಗೆ ಒಗಿತೀವೇನ್ರವಾ? ಆರಿಸಿ ತಗೀತೀವಿ. ಈ ಹುಡುಗಿ ಕಿವಿ ಕೊಳತ ಕಾಯಿ ಅಲ್ಲ. ನಾ ಬರ್ತೀನಿ, ನನ್ನ ಹೆಬ್ಬೆಟ್ಟು ಹಾಕ್ಕೋರಿ.” ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಪುಸ್ತಕ ಬರೆಯುವ ಹೆಣ್ಣುಮಗಳು ಪೆನ್ನು ತೆಗೆದಳು.

ಮರುವಾರ ಐವರು ಆ ಹುಡುಗಿಯ ಜೊತೆ ಸಿಡಿಪಿಓ ಕಚೇರಿಗೆ ಹೋಗಿ ಅರ್ಜಿ ಕೊಟ್ಟರು. ಹೋದದ್ದು ಅದೇ ಸೊನ್ನೆ ರೂಪಾಯಿಯ ಟಿಕೆಟ್ಟಿನಲ್ಲಿ. ಕಿವಿಗೆ ಹಾವೇರಿಯಲ್ಲಿ ಚಿಕಿತ್ಸೆ ನಡೆದಿದೆ. ಮುಂದಿನ ದಾರಿ ಉದ್ದವಿದೆ, ವಾಯಿದೆಗಳಿವೆ, ರಾಜಿಯ ಒತ್ತಡ ಈಗಾಗಲೇ ಶುರುವಾಗಿದೆ. ಆದರೆ ಅವಳ ಏಟಿಗೆ ಒಂದು ತಾರೀಖು ಇದೆ, ಹದಿಮೂರು ಸಹಿ ಮತ್ತು ಒಂದು ಹೆಬ್ಬೆಟ್ಟು ಇದೆ. 1991ರ ನನ್ನ ಹುಡುಗಿಗೆ ಅದಿರಲಿಲ್ಲ.

ಮುಂದಿನ ಸಲ ಬಸ್ಸಿನಲ್ಲಿ ಯಾರಾದರೂ ಆ ಮಾತು ಆಡಿದರೆ ನಾನು ನಗುವುದಿಲ್ಲ. ನೀವೂ ನಗಬೇಡಿ.